ಕಿಟಕಿಗೆ ಒತ್ತುಕೊಟ್ಟ ಕಟ್ಟಿಗೆ ತುಂಡು

ನಿನ್ನ ಮನೆ, ಅಡುಗೆಕೋಣೆಯ ಮೇಜು
ಬುಧವಾರ, ಫೆಬ್ರವರಿ ೧೨, ಮಧ್ಯಾಹ್ನ

ಪ್ರೀತಿಯ ಮಗನಿಗೆ, ಅಪ್ಪನ ಆಶೀರ್ವಾದ.

ಹೇಗಿದ್ದೀಯಪ್ಪಾ? ಹೋದ ಭಾನುವಾರ ಫೋನಿನಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ಎಂಜಿನ್ ಕೋಣೆಯ ಸೆಕೆಯಲ್ಲಿ ಬೆವೆತು ಹಾಗೇ ಡೆಕ್ಕಿಗೆ ಹೋಗಿ ಗಾಳಿಗೆ ನಿಲ್ಲುತ್ತೀಯಂತೆ, ನಿನ್ನ ಹೆಂಡತಿ ಹೇಳಿದಳು. ಆ ಅಭ್ಯಾಸ ಬಿಡು. ಬಿಸಿನೀರಿಗೆ ನಾಲ್ಕು ಕಾಳುಮೆಣಸು ಕುಟ್ಟಿ ಹಾಕಿಸಿಕೊಂಡು ಕುಡಿ. ನಿಮ್ಮ ಹಡಗಿನ ಅಡುಗೆಯವನಿಗೆ ನಮ್ಮಪ್ಪನೂ ಅಡುಗೆಯವನೇ ಎಂದು ಹೇಳಿ ನೋಡು, ಇಲ್ಲ ಅನ್ನುವುದಿಲ್ಲ. ನಾನು ಚೆನ್ನಾಗಿದ್ದೇನೆ. ಚಳಿಗೆ ಮಂಡಿ ಹಿಡಿಯುತ್ತದೆ, ಮೆಟ್ಟಿಲು ಹತ್ತಿಳಿದರೆ ತಾನೇ ಬಿಡುತ್ತದೆ. ಊರಿನಲ್ಲಿ ನಿನ್ನ ಅಮ್ಮನೂ ಆರಾಮ. ಮುಂದಿನ ತಿಂಗಳ ಕೊನೆಗೆ ಇಲ್ಲಿಗೆ ಬರಲು ಟಿಕೆಟ್ ಆಗಿದೆ, ಬಾಣಂತನದ ಸಾಮಾನನ್ನು ಈಗಲೇ ಕಟ್ಟಿ ಬಿಚ್ಚಿ, ಬಿಚ್ಚಿ ಕಟ್ಟುತ್ತಿದ್ದಾಳಂತೆ.

ಫೋನಿನಲ್ಲಿ ಹೇಳದೆ ಪತ್ರ ಬರೆಯುವುದಕ್ಕೆ ಕಾರಣವಿದೆ. ನೀನು ಫೋನ್ ಮಾಡಿದಾಗಲೆಲ್ಲ ನಿನ್ನ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿರುತ್ತಾಳೆ. "ಎಲ್ಲಾ ಚೆನ್ನಾಗಿದೆ, ಊಟ ಸರಿಯಾಗಿ ಮಾಡ್ತಿದಾಳೆ" ಎಂದು ನಾನು ಹೇಳಿದ್ದು ಅದಕ್ಕೇ. ಅದು ನಿಜವಲ್ಲ. ಗಾಬರಿಯಾಗಬೇಡ ಎಂದು ಬರೆದರೆ ನೀನು ಗಾಬರಿಯಾಗುವುದು ಖಂಡಿತ, ಆದ್ದರಿಂದ ಆ ಮಾತು ಬಿಟ್ಟು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಡುವೆ ಎಲ್ಲೂ ನಿಲ್ಲಿಸದೆ ಕೊನೆಯವರೆಗೆ ಓದು. ಇದನ್ನು ಶುಕ್ರವಾರ ನಿಮ್ಮ ಕಂಪನಿಯ ಕಚೇರಿಗೆ ಕೊಟ್ಟರೆ ಮುಂದಿನ ಬಂದರಿನಲ್ಲಿ ನಿನ್ನ ಕೈಗೆ ಸಿಗುತ್ತದಂತೆ.

ಹೋದ ಗುರುವಾರ ಆಸ್ಪತ್ರೆಯಲ್ಲಿ ಅವಳ ತೂಕ ನೋಡಿದರು. ಆರನೇ ತಿಂಗಳಿನಲ್ಲಿ ಏರಬೇಕಾದ ತೂಕ ಇಳಿದಿತ್ತು. ಅದರ ಹಿಂದಿನ ಸಲವೂ ಇಳಿದಿತ್ತಂತೆ, ನನಗೆ ಹೇಳಿರಲಿಲ್ಲ. ಡಾಕ್ಟರಮ್ಮ ಅವಳನ್ನು ಬಿಟ್ಟು ನನ್ನ ಮುಖ ನೋಡಿ, ನನಗೆ ಅರ್ಥವಾಗಲಿ ಎಂದು ಇಂಗ್ಲಿಷನ್ನು ಬಿಡಿಸಿ ಬಿಡಿಸಿ ಹೇಳಿದರು. ಮಗು ಬೆಳೆಯಬೇಕಾದಷ್ಟು ಬೆಳೆಯುತ್ತಿಲ್ಲ. ಬರುವ ಗುರುವಾರ ತೂಕ ಇನ್ನೂ ಇಳಿದಿದ್ದರೆ ಆಸ್ಪತ್ರೆಗೆ ಸೇರಿಸಿಕೊಂಡು ನಳಿಕೆಯಲ್ಲಿ ಆಹಾರ ಕೊಡಬೇಕಾಗುತ್ತದೆ. ಬರುವ ಗುರುವಾರ ಎಂದರೆ ನಾಳೆ.

ನನ್ನ ಪಾಡು ಯೋಚಿಸು. ಹುಡುಗನಾಗಿದ್ದಾಗಿನಿಂದ ಮದುವೆ ಮನೆಗಳ ಒಲೆ ಮುಂದೆ ಬೆಂದವನು ನಾನು. ರುಚಿ ನೋಡದೆ, ಬರೀ ಆವಿ ಮೂಸಿ ಸಾರಿಗೆ ಉಪ್ಪು ಸಾಲದು ಎನ್ನುವವನು. ಪಂಕ್ತಿ ಎದ್ದ ಮೇಲೆ ಎಲೆಗಳ ಸಾಲಿನಲ್ಲಿ ಒಂದು ಸುತ್ತು ನಡೆದು ಯಾವ ಎಲೆಯಲ್ಲಿ ಏನು ಉಳಿದಿದೆ ಎಂದು ನೋಡುವುದು ನನ್ನ ರೂಢಿ, ನಿನಗೂ ಗೊತ್ತು. ಬಾಯಲ್ಲಿ ಎಲ್ಲರೂ ಚೆನ್ನಾಗಿತ್ತು ಅನ್ನುತ್ತಾರೆ, ಎಲೆ ದಾಕ್ಷಿಣ್ಯ ಮಾಡುವುದಿಲ್ಲ. ಇಲ್ಲಿಗೆ ಬಂದಾಗಿನಿಂದ ನಿನ್ನ ಹೆಂಡತಿಯ ತಟ್ಟೆಯನ್ನೂ ಹಾಗೇ ನೋಡುತ್ತಿದ್ದೆ. ಪ್ರತಿ ಸಲ ತೊಳೆದಿಟ್ಟ ಹಾಗೆ ಖಾಲಿ. ನೀನು ಕಲಿಸಿದ ಕನ್ನಡದಲ್ಲಿ "ಮಾವ, ಸಾರು ಚೆನ್ನಾಗಿದೆ" ಎನ್ನುವಳು. ನಾನು ಉಬ್ಬಿಹೋಗಿ ಮರುದಿನ ಇನ್ನೊಂದು ಸೌಟು ಹೆಚ್ಚು ಬಡಿಸುವೆ. ಆಸ್ಪತ್ರೆಯಿಂದ ಬಂದ ಸಂಜೆ ಕಸದ ಚೀಲ ಕಟ್ಟುವಾಗ ತೂಕ ಹೆಚ್ಚೆನಿಸಿ ಬಿಚ್ಚಿ ನೋಡಿದೆ. ಅನ್ನ, ಪಲ್ಯ, ತೊವ್ವೆ ಎಲ್ಲ ಅವಳ ಪುಸ್ತಕ ರಿಪೇರಿಯ ಹಾಳೆಗಳಲ್ಲಿ ನೀಟಾಗಿ ಮಡಿಸಿಟ್ಟಿತ್ತು. ಹಳೇ ಪುಸ್ತಕಗಳಿಗೆ ಬೈಂಡು ಹಾಕುವ ಕೈಯಲ್ಲವೇ, ಪೊಟ್ಟಣ ಬಹಳ ಚೆನ್ನಾಗಿ ಕಟ್ಟಿದ್ದಳು. ನಾನು ಅದನ್ನು ಹಾಗೇ ಮತ್ತೆ ಕಟ್ಟಿದೆ.

ನನ್ನ ಒಗ್ಗರಣೆ ಅವಳಿಗೆ ಆಗುವುದಿಲ್ಲ ಎನ್ನುವುದು ಮಾತ್ರ ಮೊದಲೇ ಗೊತ್ತಾಗಿತ್ತು. ಸಾಸಿವೆ ಸಿಡಿದ ಕೂಡಲೇ ಬಚ್ಚಲಿಗೆ ಓಡುತ್ತಿದ್ದಳು. ಈ ಮನೆಯ ಕಿಟಕಿ ಮೇಲಕ್ಕೆ ಸರಿಸಿದರೆ ನಿಲ್ಲುವುದಿಲ್ಲ, ದಡಾರನೆ ಕೆಳಗೆ ಬೀಳುತ್ತದೆ. ಹೊಗೆ ಹೋಗಲಿ ಎಂದು ಅದಕ್ಕೆ ಒತ್ತು ಕೊಡಲು ಏನಾದರೂ ಬೇಕಾಗಿತ್ತು. ಅವಳ ಕೆಲಸದ ಕಪಾಟಿನಲ್ಲಿ ಅಂಟು, ಕುಂಚ, ಕತ್ತರಿಗಳ ಹಿಂದೆ ಒಂದು ಮರದ ಪೆಟ್ಟಿಗೆ ಇತ್ತು. ಮೇಲೆ ಬಡಗಿಯ ಕೀಸುಳಿ ಹಾಗೆ ಒಂದು ಅಲಗು, ಒಳಗೆ ಗೇಣುದ್ದದ ಒಂದು ಕಟ್ಟಿಗೆ ತುಂಡು. ಕಪ್ಪಗೆ, ಒಣಗಿ, ಬೆರಳಲ್ಲಿ ಹೊಡೆದರೆ ಠಣ್ ಅನ್ನುವಷ್ಟು ಗಟ್ಟಿ. ಮೂಸಿ ನೋಡಿದೆ, ಹೊಗೆ ಕುಡಿದ ಸೌದೆಯ ವಾಸನೆ. ರಟ್ಟಿಗೆ ಹಾಕುವ ಯಾವುದೋ ಮರ ಎಂದುಕೊಂಡು ತೆಗೆದು ಕಿಟಕಿಗೆ ಒತ್ತುಕೊಟ್ಟೆ. ಅವಳು ಬಂದು ನೋಡಿದಳು. ಏನೋ ಹೇಳಲು ಬಾಯಿ ತೆರೆದು, "ಸರಿ ಮಾವ" ಎಂದು ಒಳಗೆ ಹೋದಳು. ಅಂದಿನಿಂದ ದಿನಾ ಬೆಳಿಗ್ಗೆ ನಾನು ಅದನ್ನು ಇಟ್ಟು ಒಗ್ಗರಣೆ ಹಾಕುತ್ತಿದ್ದೆ, ತೆಗೆದು ಕಿಟಕಿ ಮುಚ್ಚುತ್ತಿದ್ದೆ.

ಆಸ್ಪತ್ರೆಯ ಮಾತು ಕೇಳಿದ ಮೇಲೆ ಕೆಳಮನೆಯ ಟ್ಯಾಕ್ಸಿಯವನ ಹತ್ತಿರ ಹೋಗಿ ಕುಳಿತೆ. ನಮ್ಮ ಭಾಷೆಯವನು, ಈ ಊರಿಗೆ ಬಂದು ತಲೆ ನರೆತಿದೆ, ಇಲ್ಲಿಯವರ ಮಾತೂ ಬರುತ್ತದೆ. ನನ್ನನ್ನು ನೋಡಿದರೆ ಅವನಿಗೆ ಯಾವಾಗಲೂ ತಮಾಷೆ. "ಭಟ್ರೇ, ಹುಡುಗಿಗೆ ತಾಯಿಮನೆ ಊಟ ಬೇಕು. ತಾಯಿಮನೆ ಎಲ್ಲಿ? ಜಪಾನು. ನೀವು ನೋಡಿದ್ರೆ ಮೂರು ಹೊತ್ತೂ ಇಂಗು ತಿನ್ನಿಸ್ತಾ ಇದೀರಿ. ಪಾಪದವಳು, ಅದಕ್ಕೇ ಸುಮ್ನಿದಾಳೆ" ಎಂದ. ಮಾತು ಚುಚ್ಚಿತು. ಚುಚ್ಚಿದ್ದು ಸರಿಯಾದ ಜಾಗಕ್ಕೇ. ಅವಳ ಅಮ್ಮ ಇದ್ದಿದ್ದರೆ ಈ ಹೊತ್ತಿಗೆ ಇಲ್ಲಿ ಬಂದು ಕುಳಿತಿರುತ್ತಿದ್ದರು. ಅವರಿಲ್ಲದ್ದಕ್ಕೇ ಅಲ್ಲವೇ ನೀನು ನನ್ನನ್ನು ಕರೆಸಿದ್ದು? ಸರಿ, ಜಪಾನಿನ ಊಟ ಹುಡುಕೋಣ ಎಂದೆ. ಆದರೆ ಮೀನು ಮಾಂಸ ಇಲ್ಲದ್ದು. ಮದುವೆ ಮಾತಾಡುವಾಗ ನೀನು ನನಗೂ ನಿನ್ನ ಅಮ್ಮನಿಗೂ ಹೇಳಿದ್ದು ನೆನಪಿದೆ ತಾನೆ? "ಅವಳು ಎಲ್ಲಾ ಬಿಟ್ಟಿದಾಳೆ ಅಪ್ಪಾ, ಈಗ ನಮ್ಮ ಹಾಗೇ."

ಶುಕ್ರವಾರದಿಂದ ಅವನ ಟ್ಯಾಕ್ಸಿ ಖಾಲಿಯಿದ್ದಾಗಲೆಲ್ಲ ಊರು ಸುತ್ತಿದೆವು. ಮೊದಲು ಹೋದದ್ದು ಒಂದು ದೊಡ್ಡ ಹೋಟೆಲಿಗೆ. ದೇವರಿಲ್ಲದ ಗರ್ಭಗುಡಿಯ ಹಾಗೆ ಕತ್ತಲೆ, ಮಾತಾಡಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಬೆಲೆ ಕೇಳಿ ಟ್ಯಾಕ್ಸಿಯವನು, "ಭಟ್ರೇ, ಪಿಂಗಾಣಿಯನ್ನೂ ಮನೆಗೆ ಕೊಡ್ತಾರಾ ಕೇಳ್ಲಾ?" ಎಂದ. ಒಂದು ಸಲವಾದರೆ ಕೊಡಬಹುದು, ದಿನಾ ತರಲು ನಿನ್ನ ಸಂಬಳ ಸಾಲುವುದಿಲ್ಲ. ಆಮೇಲೆ ದೊಡ್ಡ ಅಂಗಡಿ ಸಾಲುಗಳ ಒಳಗೆ ಅಗ್ಗಕ್ಕೆ ಕೊಡುವ ಕಡೆಗಳಿಗೆ ಹೋದೆವು. ಎಲ್ಲದರ ಮೇಲೂ ಒಂದೇ ಸಿಹಿ ರಸ ಸುರಿದಿರುತ್ತಾರೆ. ಅನ್ನ ಬೆಳಿಗ್ಗೆ ಮಾಡಿ ಮತ್ತೆ ಮತ್ತೆ ಬಿಸಿ ಮಾಡಿದ್ದು, ಮುಚ್ಚಳ ತೆಗೆದಾಗ ಬರುವ ಆವಿಯೇ ಹೇಳುತ್ತದೆ. ಆದರೂ ಎರಡು ಪೊಟ್ಟಣ ತಂದುಕೊಟ್ಟೆ. ಅವಳು ಎದ್ದು ನಿಂತು ತಲೆ ಬಾಗಿಸಿ ತೆಗೆದುಕೊಂಡಳು. ಎರಡು ತುತ್ತು ತಿಂದಳು. ಉಳಿದದ್ದು ಏನಾಯಿತು ಎಂದು ಕಸದ ಚೀಲ ಬಿಚ್ಚದೆಯೇ ಗೊತ್ತಿತ್ತು.

ಭಾನುವಾರ ನೀನು ಫೋನ್ ಮಾಡಿದಾಗ ನಾನು ಕಿಟಕಿಯ ಕಡೆ ಮುಖ ಮಾಡಿ ಸುಳ್ಳು ಹೇಳಿದೆ. ಸೋಮವಾರ ಅವಳು ಸ್ಟೂಲಿನಿಂದ ಏಳುವಾಗ ಗೋಡೆ ಹಿಡಿದುಕೊಂಡಳು.

ಅವತ್ತೇ ಟ್ಯಾಕ್ಸಿಯವನಿಗೆ ಹೇಳಿದೆ, ಇನ್ನು ನನ್ನ ರೀತಿಯಲ್ಲಿ ಹುಡುಕುತ್ತೇನೆ, ನೀನು ಗಾಡಿ ಮಾತ್ರ ಓಡಿಸು ಎಂದು. ನಮ್ಮ ಕಸುಬಿನವರು ಮುಂಬಾಗಿಲು ನೋಡುವುದಿಲ್ಲ. ಅಡುಗೆಮನೆಯ ಹಿಂಬಾಗಿಲಿಗೆ ಹೋದರೆ ತರಕಾರಿ ಸಿಪ್ಪೆ ಇವತ್ತಿನದೋ ನಿನ್ನೆಯದೋ ತಿಳಿಯುತ್ತದೆ, ತೊಳೆಯಲು ಬಂದ ತಟ್ಟೆಯಲ್ಲಿ ಎಷ್ಟು ಉಳಿದಿದೆ ತಿಳಿಯುತ್ತದೆ. ಅವನು ತನ್ನ ಜೊತೆಯ ಡ್ರೈವರುಗಳನ್ನು ವಿಚಾರಿಸಿ ಹೇಳಿದ ಕಡೆಗೆಲ್ಲ ನಾನು ಹಿಂದಿನ ಓಣಿಯಿಂದ ಹೋದೆ. ಒಂದು ಕಡೆ ಕಳ್ಳ ಅಂದುಕೊಂಡು ಅಟ್ಟಿಸಿಕೊಂಡು ಬಂದರು, ಅದನ್ನು ನೀನು ಬಂದಾಗ ಅವನೇ ನಟಿಸಿ ತೋರಿಸುತ್ತಾನಂತೆ. ಕೊನೆಗೆ ಬಟ್ಟೆ ಒಗೆಯುವ ಅಂಗಡಿಯ ಹಿಂದೆ, ನಾಲ್ಕು ಮೇಜಿನ ಒಂದು ಸಣ್ಣ ಜಾಗ. ಹಿಂಬಾಗಿಲಲ್ಲಿ ತೊಳೆಯಲು ಇಟ್ಟ ಬಟ್ಟಲುಗಳನ್ನು ನೋಡಿದೆ. ಎಲ್ಲವೂ ತಳದವರೆಗೆ ಖಾಲಿ, ಒಂದೆರಡರಲ್ಲಿ ಅನ್ನದ ಅಗುಳೂ ಇರಲಿಲ್ಲ. ಅನ್ನದ ಆವಿ ಹದವಾಗಿತ್ತು. ಇದೇ ಎಂದೆ.

ನನ್ನ ಕೈಯಲ್ಲಿ ನಿಮ್ಮ ಮದುವೆಗೆ ನಾನೇ ಕೊಟ್ಟ ಸ್ಟೀಲ್ ಕ್ಯಾರಿಯರ್ ಇತ್ತು, ನಮ್ಮ ಪಾತ್ರೆಗಳಿಗೆಲ್ಲ ಹೊಡೆಸುವ ಸೌಟಿನ ಗುರುತು ಇರುವುದು. ತಲೆಗೆ ಟವೆಲ್ ಕಟ್ಟಿದ ಅಡುಗೆಯವನು ನನ್ನನ್ನು ನೋಡುವ ಮೊದಲು ಕ್ಯಾರಿಯರ್ ನೋಡಿದ. ಮುಖ ಅರಳಿತು. ಗುರುತಿನ ಮೇಲೆ ಬೆರಳಿಟ್ಟು ಇಲ್ಲಿಯವರ ಮಾತಿನಲ್ಲಿ ಗಡಗಡ ಮಾತಾಡಿದ. ಟ್ಯಾಕ್ಸಿಯವನು ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಭಟ್ರೇ, ಈ ಕ್ಯಾರಿಯರ್ ಸಂಜೆ ಸಂಜೆ ಇಲ್ಲಿಗೆ ಬರ್ತಿತ್ತಂತೆ. ಸಣ್ಣಗಿರೋ ಬಸುರಿ ಹೆಂಗಸು ತರ್ತಿದ್ಲಂತೆ. ತಿಂಗಳ ಮೇಲಾಯ್ತು, ಕಾಣ್ಲಿಲ್ಲ, ಹುಷಾರಾಗಿದಾಳಾ ಅಂತ ಕೇಳ್ತಿದಾನೆ" ಎಂದ. ನಾನು ಬಂದು ಎಷ್ಟಾಯಿತು ಎಂದು ನಿನಗೆ ಲೆಕ್ಕ ಹೇಳಬೇಕಾಗಿಲ್ಲ.

ಏನು ಒಯ್ಯುತ್ತಿದ್ದಳು ಎಂದು ಕೇಳಿಸಿದೆ. ಅವನು ನಕ್ಕು ಕಪಾಟಿನಿಂದ ಒಂದು ಮರದ ಪೆಟ್ಟಿಗೆ ಇಳಿಸಿದ. ಮೇಲೆ ಅಲಗು. ಒಳಗಿನಿಂದ ಕಪ್ಪು ತುಂಡೊಂದನ್ನು ತೆಗೆದು ಅಲಗಿನ ಮೇಲೆ ಸರ್ರನೆ ಉಜ್ಜಿದ. ಬಡಗಿಯ ಹೊಟ್ಟಿನ ಹಾಗೆ ತೆಳ್ಳಗೆ ಸುರುಳಿ ಸುರುಳಿಯಾಗಿ ಬಿತ್ತು. ಹಿಡಿ ತುಂಬ ಎತ್ತಿ ಕುದಿಯುವ ನೀರಿಗೆ ಹಾಕಿ, ಸೋಸಿ, ಆ ತಿಳಿಯನ್ನು ನನ್ನ ಮೂಗಿನ ಹತ್ತಿರ ಹಿಡಿದ. ಅದೇ ಹೊಗೆಯ ವಾಸನೆ. "ಇದು ಯಾವ ಮರ ಕೇಳು" ಎಂದೆ. ಟ್ಯಾಕ್ಸಿಯವನು ಕೇಳಲಿಲ್ಲ. ಅವನಿಗೆ ಗೊತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ತಮಾಷೆ ಬಿಟ್ಟು ಮಾತಾಡಿದ. "ಮರ ಅಲ್ಲ ಭಟ್ರೇ. ಮೀನು. ಬೇಯ್ಸಿ, ಹೊಗೆ ಹಾಕಿ, ತಿಂಗಳುಗಟ್ಲೆ ಒಣಗ್ಸಿದ್ದು. ಅವರ ಅಡುಗೆಗೆಲ್ಲ ಇದೇ ತಳಪಾಯ."

ಅಲ್ಲಿ ತರಕಾರಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿತ್ತು, ಅದರ ಮೇಲೆ ಕುಳಿತೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಜಪ ಮುಗಿಸಿ, ನಾನು ಮೊದಲು ಕೈಯಲ್ಲಿ ಹಿಡಿಯುತ್ತಿದ್ದದ್ದು ಅದನ್ನು. ನೈವೇದ್ಯಕ್ಕೆ ಅಡುಗೆ ಮಾಡುವ ಕೈ. ನಿನ್ನ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಹಾಳೆ ಸಾಲದು. ಒಂದೇ ಒಂದು ಹೇಳುತ್ತೇನೆ. ಊರಿನಲ್ಲಿ ಭಟ್ಟರ ಮನೆಯಲ್ಲಿ ಮೀನು ಬೇಯುತ್ತದೆ ಎಂದು ಗೊತ್ತಾದರೆ ಮುಂದಿನ ಲಗ್ನದ ಕಾಲಕ್ಕೆ ನನ್ನನ್ನು ಒಲೆ ಮುಂದೆ ಕೂರಿಸಲು ನಾಲ್ಕು ಜನ ಯೋಚಿಸುತ್ತಾರೆ. ಅದು ನಿನಗೂ ಗೊತ್ತಿತ್ತು, ಅದಕ್ಕೇ ನೀನು ಸುಳ್ಳು ಹೇಳಿದೆ ಎಂದು ಅಲ್ಲಿ ಕುಳಿತಿದ್ದಾಗಲೇ ಹೊಳೆಯಿತು. ಆದರೆ ನಿನ್ನ ಸುಳ್ಳನ್ನು ಕಾಯುತ್ತಾ ಹೊಟ್ಟೆಗಿಲ್ಲದೆ ಕುಳಿತವಳು ಅವಳು. ಅಡುಗೆಯವನು ಕೈ ಚಾಚಿದ್ದ. ಕ್ಯಾರಿಯರ್ ನನ್ನ ತೊಡೆಯ ಮೇಲಿತ್ತು. ಕೊಡಲೋ ಬೇಡವೋ ಎಂದು ಕೈ ಹಿಂದೆ ಮುಂದೆ ನೋಡಿದ್ದು ನಿಜ, ನಾನೇನು ದೊಡ್ಡ ಮನುಷ್ಯ ಎಂದು ಬರೆಯುವುದಿಲ್ಲ. ಆಮೇಲೆ ಅವಳು ಗೋಡೆ ಹಿಡಿದು ಎದ್ದದ್ದು ಕಣ್ಣಿಗೆ ಬಂತು. ಕೊಟ್ಟೆ. ಅವನು ಅನ್ನ, ಆ ತಿಳಿ, ಬೇಯಿಸಿದ ಸೊಪ್ಪು, ಒಂದು ತುಂಡು ಮೀನು ತುಂಬಿದ. ಬೆಲೆ ಕೇಳಿದರೆ ಮೊದಲ ಹೋಟೆಲಿನಲ್ಲಿ ಒಂದು ಲೋಟ ನೀರಿಗೂ ಸಾಲದಷ್ಟು. ದಾರಿಯುದ್ದಕ್ಕೂ ಕ್ಯಾರಿಯರನ್ನು ಮೈಯಿಂದ ದೂರ ಹಿಡಿದಿದ್ದೆ. "ಕಚ್ಚಲ್ಲ ಬಿಡಿ ಭಟ್ರೇ" ಎಂದು ಟ್ಯಾಕ್ಸಿಯವನು ಮತ್ತೆ ಶುರು ಮಾಡಿದ. ಅವನು ಮಾತಾಡಿದ್ದು ಒಳ್ಳೆಯದೇ ಆಯಿತು.

ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ. ನಿನ್ನ ಹೆಂಡತಿ ಒಂದು ಹೆಜ್ಜೆ ಮುಂದೆ ಬಂದವಳು ಅಲ್ಲೇ ನಿಂತಳು. ಮುಖ ಬಿಳುಚಿತು. "ಮಾವ, ಇದು ನಿಮಗೆ ಆಗಲ್ಲ" ಎಂದಳು. "ನಿನಗೆ ಆಗತ್ತಲ್ಲಮ್ಮ" ಎಂದೆ. "ಇದರಲ್ಲಿ..." ಎಂದಳು. "ಗೊತ್ತು. ಆರ್ತಿದೆ, ಕೂತ್ಕೋ" ಎಂದೆ. ಅವಳು ಕೂರಲಿಲ್ಲ. ನಿನಗೆ ಮಾತು ಕೊಟ್ಟಿದ್ದಾಳಂತೆ, ಗೊತ್ತಾದರೆ ಮಾವ ಈ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ, ಅದೇ ದಿನ ಊರಿಗೆ ಹೊರಡುತ್ತಾರೆ ಎಂದು ನೀನು ಹೇಳಿದ್ದೀಯಂತೆ. ನಾನು ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಅವಳ ಎದುರೇ ಕುಡಿದೆ. ಆಮೇಲೆ ಕಿಟಕಿಯ ಹತ್ತಿರ ಹೋಗಿ ಆ ತುಂಡನ್ನು ತೆಗೆದು, ಒರೆಸಿ, ಅವಳ ಮುಂದೆ ಇಟ್ಟೆ. ಕಿಟಕಿ ದಡಾರನೆ ಬಿತ್ತು. ಅವಳು ಬೆಚ್ಚಿದಳು, ನಾನೂ ಬೆಚ್ಚಿದೆ. ಆಮೇಲೆ ಅವಳಿಗೆ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ನಗುತ್ತಲೇ ಅತ್ತಳು. ಅದು ಅವಳ ಅಮ್ಮ ಕೊನೆಯ ಸಲ ಕೊಟ್ಟು ಕಳಿಸಿದ್ದಂತೆ. ನನ್ನ ಕಣ್ಣಿಗೆ ಬೀಳದಿರಲಿ ಎಂದು ಪುಸ್ತಕದ ಸಾಮಾನಿನ ನಡುವೆ ಇಟ್ಟಿದ್ದಳು. ನಾನು ಕಿಟಕಿಗೆ ಕೊಟ್ಟೆ.

ಅವಳು ಉಣ್ಣುವಾಗ ನಾನು ನಡುಮನೆಯಲ್ಲಿ ಬೆನ್ನು ಹಾಕಿ ಕುಳಿತಿದ್ದೆ. ವಾಸನೆಗೆ ಟವೆಲಿನಿಂದ ಮೂಗು ಮುಚ್ಚಿಕೊಂಡಿದ್ದೆ, ಅದನ್ನೂ ಬಚ್ಚಿಡುವುದಿಲ್ಲ. ಸೂಪು ಸುರ್ರೆಂದು ಕುಡಿಯುವ ಸದ್ದು ಕೇಳಿಸಿತು. ಈ ಮನೆಯಲ್ಲಿ ಅವಳು ಸದ್ದು ಮಾಡಿ ಉಂಡದ್ದು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ತಟ್ಟೆ ನೋಡಿದೆ. ಕಸದ ಚೀಲವನ್ನೂ ನೋಡಿದೆ. ಎರಡೂ ಖಾಲಿ.

ಈಗ ಒಲೆಯ ಬಲಗಡೆಯ ಉರಿ ಅವಳದು, ಎಡಗಡೆಯದು ನನ್ನದು. ಪಾತ್ರೆ ಬೇರೆ, ಸೌಟು ಬೇರೆ. ನಾನು ತಿನ್ನುವುದಿಲ್ಲ, ಮುಟ್ಟುವುದೂ ಕಷ್ಟವೇ, ಈ ವಯಸ್ಸಿನಲ್ಲಿ ಅದು ಬದಲಾಗುವುದಿಲ್ಲ. ಒಗ್ಗರಣೆ ನಿಲ್ಲಿಸಿದ್ದೇನೆ. ಕ್ಯಾರಿಯರ್ ತೆಗೆದುಕೊಂಡು ಸಂಜೆ ಆ ಅಂಗಡಿಗೆ ನಾನೇ ಹೋಗುತ್ತೇನೆ, ಹಿಂಬಾಗಿಲಿನಿಂದಲೇ. ಆದರೆ ಸೋಮವಾರದಿಂದ ಇವತ್ತಿಗೆ ಎಷ್ಟು ಊಟವಾದೀತು? ತಿಂಗಳ ಮೇಲೆ ಕಳೆದುಕೊಂಡದ್ದು ಇಷ್ಟರಲ್ಲಿ ತುಂಬುತ್ತದೆಯೇ? ಮಗು ನಿನ್ನೆ ಒದೆಯಿತಂತೆ, ಬೆಳಿಗ್ಗೆಯಿಂದ ಸುಮ್ಮನಿದೆಯಂತೆ. ನನಗೆ ಈ ವಿಷಯ ತಿಳಿಯುವುದಿಲ್ಲ, ನಿನ್ನ ಅಮ್ಮನನ್ನು ಕೇಳೋಣವೆಂದರೆ ಎಲ್ಲಿಂದ ಶುರು ಮಾಡಲಿ? ನಾಳೆ ಬೆಳಿಗ್ಗೆ ಟ್ಯಾಕ್ಸಿಯವನು ಬರುತ್ತಾನೆ. ಪತ್ರವನ್ನು ಅಂಟಿಸದೆ ಜೇಬಿನಲ್ಲೇ ಇಟ್ಟುಕೊಂಡಿರುತ್ತೇನೆ.

ಕೆಮ್ಮಿಗೆ ಮೆಣಸು ಮರೆಯಬೇಡ. ಸಮುದ್ರ ನಿನ್ನನ್ನು ಸುಖವಾಗಿಟ್ಟಿರಲಿ.

ಇಂತು,
ನಿನ್ನ ಅಪ್ಪ

ತಾ.ಕ.: ಗುರುವಾರ, ಆಸ್ಪತ್ರೆಯ ಕಾರಿಡಾರು. ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ತೂಕ ಏರಿಲ್ಲ, ಇಳಿದೂ ಇಲ್ಲ. ಮಗುವಿನ ಎದೆಬಡಿತ ಚೆನ್ನಾಗಿದೆ, ನನಗೂ ಕೇಳಿಸಿದರು. ನಳಿಕೆ ಸದ್ಯಕ್ಕೆ ಬೇಡವೆಂದು ಇನ್ನೊಂದು ವಾರ ಕೊಟ್ಟಿದ್ದಾರೆ. ಮುಖ್ಯ ವಿಷಯ ಈಗ ಬರೆಯುತ್ತೇನೆ. ನಿನ್ನೆ ಸಂಜೆ ನಿನ್ನ ಅಮ್ಮ ಫೋನ್ ಮಾಡಿ, "ನಮ್ಮ ಸೊಸೆ ನಮ್ಮ ಹಾಗೇ ಆಗಿದಾಳೆ ಅಂತ ಎಲ್ಲರಿಗೂ ಹೇಳ್ತೀನಿ" ಎಂದು ಹಿಗ್ಗಿದಳು. ಈ ಹುಡುಗಿ ಪಕ್ಕದಲ್ಲಿದ್ದು ಕೇಳಿಸಿಕೊಂಡಳು. ರಾತ್ರಿ ಊಟಕ್ಕೆ ಹಸಿವಿಲ್ಲ ಎಂದಳು. ಬೆಳಿಗ್ಗೆ ನೋಡಿದರೆ ಆ ತುಂಡು ಮತ್ತೆ ಅಂಟು ಕುಂಚಗಳ ಹಿಂದೆ ಹೋಗಿ ಕುಳಿತಿದೆ. ಪತ್ರ ಸಿಕ್ಕ ದಿನವೇ ನಿನ್ನ ಅಮ್ಮನಿಗೆ ನಿಜ ಹೇಳು. ಸುಳ್ಳು ಹೇಳಿದವನು ನೀನು, ನೀನೇ ಹೇಳಬೇಕು. ಅವಳು ಕೂಗಾಡುತ್ತಾಳೆ, ಕೂಗಾಡಲಿ. ಅವಳು ಬಂದಿಳಿದ ಮೇಲೂ ಈ ಹುಡುಗಿ ತಟ್ಟೆ ಬಚ್ಚಿಡುವುದಾದರೆ ನಾನು ನಿನ್ನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನಿನ್ನ ಮಗುವಿನ ನಾಮಕರಣಕ್ಕೆ ಬೇರೆ ಅಡುಗೆಯವನನ್ನು ನೋಡಿಕೋ. ಇದನ್ನೆಲ್ಲ ಈ ಹುಡುಗಿಗೆ ಓದಿ ಹೇಳಿದೆ. ತಾನೂ ಬರೆಯಬೇಕಂತೆ, ಪೆನ್ನು ಕೊಡುತ್ತಿದ್ದೇನೆ.

ನಾನು ಮೀನು ತಿನ್ನುತ್ತೇನೆ. ಮಾವನಿಗೆ ಗೊತ್ತು. ಅತ್ತೆಗೆ ನೀವು ಹೇಳಿ, ಬೇಗ ಹೇಳಿ. ನನಗೆ ತುಂಬಾ ಹಸಿವು.